ಭಾವನ ಕಡಲಯೋಗ

ನಿವೃತ್ತರಾದ ಮೇಲೆ ನಾಗಮಂಗಲದ ನಮ್ಮ ಭಾವನಿಗೆ ಕಡಲ ಹುಚ್ಚು ಹಿಡಿದಿದೆ. ಬೆಂಗಳೂರು ದುಬಾರಿ, ಮಂಗಳೂರೇ ವಾಸಿಯಂತೆ. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಹತ್ತಿದರೆ ರಾಷ್ಟ್ರೀಯ ಹೆದ್ದಾರಿ ಸೀದಾ ಅಲ್ಲಿಗೇ ಒಯ್ಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯೂ ಮನಸ್ಸು ಮಾಡಬೇಕು, ಅಷ್ಟೆ.

"ಟ್ಯಾಕ್ಸೂ ಕಮ್ಮಿಯಂತೆ ಕಣೋ" ಎಂದರು.

"ಭಾವ, ಆದಾಯ ತೆರಿಗೆ ದೇಶಕ್ಕೆಲ್ಲ ಒಂದೇ. ಬೇಡವೇ ಬೇಡ ಅಂದ್ರೆ ದುಬೈಗೆ ಹೋಗಿ. ಅಲ್ಲೂ ಕಡಲಿದೆ, ಸಂಬಳಕ್ಕೆ ತೆರಿಗೆ ಇಲ್ಲ."

ಭಾವನ ಕಣ್ಣು ಮಿಂಚಿತು. ಆದರೆ 2018ರಿಂದ ಅಲ್ಲೂ ಶೇ. 5ರಷ್ಟು ವ್ಯಾಟ್ ಬಂದಿದೆ, ಬಾಡಿಗೆಯಂತೂ ಕೇಳಲೇಬೇಡಿ ಎಂದಾಗ ದುಬೈ ಅಲ್ಲಿಗೇ ಮುಳುಗಿತು. ಅಷ್ಟಕ್ಕೂ ಪಿಂಚಣಿ ಬಿಟ್ಟರೆ ಅವರದು ರಾಗಿ, ತೆಂಗಿನ ದುಡ್ಡು. ಕೃಷಿ ಆದಾಯಕ್ಕೆ ಕೇಂದ್ರ ಸರ್ಕಾರ ತೆರಿಗೆ ಹಾಕುವುದೇ ಇಲ್ಲ. ಜಗಲಿಯ ಮೇಲೇ ದುಬೈ ಇಟ್ಟುಕೊಂಡು ಈ ಮನುಷ್ಯ ಸಮುದ್ರ ಹುಡುಕುತ್ತಿದ್ದಾರೆ!

ಒಳಗಿನಿಂದ ಅಕ್ಕ ಹಿಟ್ಟಿನ ಕೋಲು ಹಿಡಿದೇ ಬಂದಳು. ಕೋಲಿನ ತುದಿಯಲ್ಲಿ ಬಿಸಿ ರಾಗಿ ಇನ್ನೂ ಹೊಗೆಯಾಡುತ್ತಿತ್ತು.

"ಮಂಗಳೂರಲ್ಲಿ ಕುಚಲಕ್ಕಿ ಗಂಜಿ ಕುಡೀತಾರಂತೆ. ಮುದ್ದೆ ಇಲ್ದೆ ನಿಮಗೆ ನಿದ್ದೆ ಬರ್ತದಾ?"

ಭಾವ ಈಗ ಮಂಗಳೂರಿನಲ್ಲಿ ಮನೆ ಹುಡುಕುವುದು ಬಿಟ್ಟು ರಾಗಿ ಬೀಸುವ ಮಿಲ್ಲು ವಿಚಾರಿಸುತ್ತಿದ್ದಾರೆ.