ಖಾರದ ಪುಡಿಯೂ ಕಾನ್ಫಿಗರ್ ಕಡತವೂ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಬ್ಯಾಡಗಿ ಮೆಣಸಿನಕಾಯಿ ತಂದು, ತುಂಬು ಬಿಡಿಸಿ, ಮಾಳಿಗೆ ಮೇಲೆ ಒಣಗಿಸಿ ಖಾರ ಕುಟ್ಟಿಸುವ ಗದ್ದಲ. (ಖಾರ ಎಂದೊಡನೆ ಸವಣೂರಿನ ತಿನ್ನುವ ಖಾರ ನೆನೆದು ಬಾಯಲ್ಲಿ ನೀರೂರಿದವರು ಸ್ವಲ್ಪ ತಡೆಯಿರಿ, ಇದು ಪುಡಿಯ ಮಾತು.) ಪೊಟ್ಟಣದ ಖಾರವೆಂದರೆ ನಮ್ಮ ವೈನಿಗೆ ಅನುಮಾನ. "ಕಾಯಿ ಕಣ್ಣಿಗೆ ಕಾಣ್ತದ. ಪುಡ್ಯಾಗ ಏನ್ ಕಲಿಸ್ಯಾರೋ ಯಾರಿಗೆ ಗೊತ್ತು?"

ಅವರ ಮಗ ಶಿಗ್ಗಾವಿಯ ಮನೆಯಲ್ಲೇ ಕೂತು ಯಾವುದೋ ಮುಕ್ತ ತಂತ್ರಾಂಶಕ್ಕೆ ತಿದ್ದುಪಡಿ ಕಳಿಸಿದ್ದ. ಬದಲಿಸಿದ್ದು ಒಂದೇ ಸಾಲು; ಬೆನ್ನಿಗೆ ಹೋದದ್ದು ಸಾವಿರಾರು ಸಾಲು. ಅತ್ತಲಿಂದ ವಾಪಸು ಬಂತು.

"ಕಾಕಾ, ಅವನ್ನ ನಾ ಬರದಿಲ್ಲ, ಮಷೀನ್ ಬರದೈತಿ."

"ಮತ್ತ ಕಳಿಸಿದ್ದ್ಯಾಕೋ?"

ವೈನಿ ಚಹಾ ತಂದು ಅವನನ್ನು ಪಾರು ಮಾಡಿದರು.

ಸಂಗತಿ ಇಷ್ಟೇ. ಆಟೋಕಾನ್ಫ್ ಎಂಬ ಹಳೆಯ ಸಲಕರಣೆ ಮನುಷ್ಯರು ಬರೆದ ಕಾನ್ಫಿಗರ್.ಎಸಿ ಕಡತವನ್ನು ಓದಿ, ಕಾನ್ಫಿಗರ್ ಎಂಬ ದೈತ್ಯನನ್ನು ಹಡೆಯುತ್ತದೆ. ಹುಡುಗ ಆ ದೈತ್ಯನನ್ನೂ ಕಟ್ಟಿ ಕಳಿಸಿದ್ದ. ಇಂಥ ಹುಟ್ಟುವಳಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಮೂಲದ ಚರಿತ್ರೆ ಕಾಯುವ ಗಿಟ್‌ಗೆ ಹೇಳಲು .ಗಿಟ್‌ಇಗ್ನೋರ್ ಎಂಬ ಪಟ್ಟಿಯಿದೆ.

ದೊಡ್ಡವರೆಲ್ಲ ಈ ಶಾಸ್ತ್ರ ಪಾಲಿಸುತ್ತಾರೆಂದಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಹದಿನೈದು ಸಾವಿರ ಸಾಲು ಮೀರಿದ ಕಾನ್ಫಿಗರನ್ನು ಗಿಟ್ ರೆಪೊಸಿಟರಿಯಲ್ಲೇ ಇಟ್ಟುಕೊಂಡು ಬಂದಿದ್ದಾರೆ. ಆದರೆ ಮಡಿ ಬಿಗಿ: ಅದನ್ನು ಹುಟ್ಟಿಸಲು 2012ರಲ್ಲಿ ಬಂದ ಆಟೋಕಾನ್ಫ್ 2.69 ಆವೃತ್ತಿಯೇ ಆಗಬೇಕು. ಬೇರೆಯದು ತಂದರೆ ಬಾಗಿಲಲ್ಲೇ ತಡೆ. ಒಬ್ಬೊಬ್ಬರದು ಒಂದೊಂದು ಆವೃತ್ತಿಯಾದರೆ ಒಂದು ಸಾಲಿನ ಬದಲಾವಣೆಗೆ ಸಾವಿರ ಸಾಲಿನ ರಂಪ. ಬೇರೆ ಮಡಿಗಳ ಬಗ್ಗೆ ನನಗೆ ತಕರಾರಿದೆ, ಇದರ ಬಗ್ಗೆ ಇಲ್ಲ.

ಯೋಗಾಯೋಗ ನೋಡಿ, ಅದೇ ಪೋಸ್ಟ್‌ಗ್ರೆಸ್ ಬಳಗದ ಆಂಡ್ರೆಸ್ ಫ್ರಾಯ್ಂಡ್ 2024ರ ಮಾರ್ಚ್ 29ರಂದು ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗಿನ ಕಳ್ಳಬಾಗಿಲನ್ನು ಬಯಲಿಗೆಳೆದರು. ಲಾಗಿನ್ ಅರ್ಧ ಸೆಕೆಂಡು ತಡವಾಯಿತೆಂದು ಬೆನ್ನುಹತ್ತಿದ ಪುಣ್ಯಾತ್ಮ! ನಮ್ಮ ಕಚೇರಿಗಳಲ್ಲಿ ಅರ್ಧ ದಿನ ತಡವಾದರೂ ಯಾರೂ ಕೇಳುವುದಿಲ್ಲ. ಕಳ್ಳಸರಕನ್ನು ಪರೀಕ್ಷಾ ಕಡತಗಳಲ್ಲಿ ಬಚ್ಚಿಟ್ಟಿದ್ದರು. ಅದನ್ನು ಹೊರಗೆಳೆದು ಜೋಡಿಸುವ, ಕಾನ್ಫಿಗರ್ ಹುಟ್ಟಿಸಲು ಬಳಸುವ ಎಂ4 ಸಾಲುಗಳು ಮಾತ್ರ ಗಿಟ್‌ನಲ್ಲಿ ಇರಲೇ ಇಲ್ಲ, 5.6.0 ಮತ್ತು 5.6.1 ಬಿಡುಗಡೆಯ ಪೊಟ್ಟಣಗಳಾದ ಟಾರ್‌ಬಾಲ್‌ಗಳಲ್ಲಷ್ಟೇ ಇದ್ದವು. ಯಂತ್ರ ಹುಟ್ಟಿಸಿದ ರಾಶಿಯನ್ನು ಯಾರು ಕೂತು ಓದುತ್ತಾರೆ ಎಂಬ ಧೈರ್ಯ. ವೈನಿಯ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಹಾಗಂತ ಎಲ್ಲರ ಕೈಗೂ ಒನಕೆ ಕೊಡಲಾಗದು. ಗುಬ್ಬಿ ಎಂಬ ಕನ್ನಡ ಫಾಂಟ್ ಕೇಳಿದ ಹಿರೇಕೆರೂರಿನ ಮಾಸ್ತರರಿಗೆ, ಮೂಲ ಇಲ್ಲಿದೆ, ಫಾಂಟ್‌ಫೋರ್ಜ್ ಹಾಕಿಕೊಂಡು ನೀವೇ ಕಟ್ಟಿಕೊಳ್ಳಿ ಎಂದರೆ ಅವರು ಸೀದಾ ಸೀಮೆಸುಣ್ಣ ಹಿಡಿಯುತ್ತಾರೆ. ಅವರಿಗೆ ಬೇಕಾದದ್ದು ಸಿದ್ಧ ಟಿಟಿಎಫ್ ಕಡತ. ಅದನ್ನು ಬಿಡುಗಡೆಯ ಜೊತೆ ಧಾರಾಳವಾಗಿ ಕೊಡಿ, ಮೂಲದ ಚರಿತ್ರೆಯಲ್ಲಿ ತುರುಕಬೇಡಿ. ತಂತ್ರಾಂಶಕ್ಕೆ ಕೈಹಾಕಿದ ನಮ್ಮ ಹುಡುಗ ಹುಡುಗಿಯರು ಮೊದಲ ದಿನವೇ .ಗಿಟ್‌ಇಗ್ನೋರ್ ಬರೆದಿಡಲಿ, ಕಟ್ಟುವ ವಿಧಾನವನ್ನು ರೀಡ್‌ಮಿಯಲ್ಲಿ ಹಾಕಲಿ, ಆದರೆ ಕನ್ನಡದಲ್ಲೂ.