ಸುರುಳಿ ಮೀಮಾಂಸೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕು; ಇದು ನೈಯಾಯಿಕರು ಶತಮಾನಗಳಿಂದ ಶಿಷ್ಯರಿಗೆ ಉರು ಹೊಡೆಸಿದ ಪಾಠ. ಆವಿಯನ್ನೇ ಹೊಗೆಯೆಂದು ಭ್ರಮಿಸಿದರೆ ಅನುಮಾನ ಕೆಡುತ್ತದೆಂಬ ಎಚ್ಚರಿಕೆಯನ್ನೂ ಹಳೆಯ ತಾರ್ಕಿಕರು ಕೊಟ್ಟಿದ್ದರು. ಲಂಡನ್ನಿನ ಬಸ್ ನಿಲ್ದಾಣದಲ್ಲಿ ಇ-ಸಿಗರೇಟಿನಿಂದ ಮಾವಿನಹಣ್ಣಿನ ವಾಸನೆಯ ಮೋಡ ಬಿಡುತ್ತ ನಿಂತವನನ್ನು ಅವರು ಕಂಡಿರಲಿಲ್ಲ, ಆದರೂ ಅವನಿಗೊಂದು ಸೂತ್ರ ಬರೆದಿಟ್ಟೇ ಹೋದರು. ಆ ಮೋಡದ ಹಿಂದೆ ಬೆಂಕಿಯಿಲ್ಲ. ಎರಡು ತಿರುಪುಗಳ ನಡುವೆ ಬಿಗಿದ ಮೂರಂಗುಲ ತಂತಿಯ ಸುರುಳಿಯಿದೆ, ಅದರ ಹೊಟ್ಟೆಯಲ್ಲಿ ದ್ರವ ಹೀರಿದ ಹತ್ತಿಯ ಬತ್ತಿಯಿದೆ, ಕೆಳಗೊಂದು ಬ್ಯಾಟರಿಯಿದೆ. ಈ ಸುರುಳಿಯನ್ನು ಅಂಗಡಿಯಿಂದ ತರದೆ ಸ್ವಹಸ್ತದಿಂದ ಸುತ್ತಿಕೊಳ್ಳುವ ಪಂಥವೊಂದಿದೆ. ತಂತಿಯ ದಪ್ಪ, ಸುತ್ತುಗಳ ಸಂಖ್ಯೆ, ಒಳವ್ಯಾಸ ಎಂಬ ಮೂರರ ಮೇಲೆ ಈ ಪಂಥ ನಡೆಸುವ ವಾದಗಳ ಮುಂದೆ ದ್ವೈತಾದ್ವೈತ ವಿವಾದವೂ ಊಟದ ಪಂಕ್ತಿಯ ಹರಟೆಯಾದೀತು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಈ ವಿದ್ಯೆಯ ಫಲ ಆವಿಯಲ್ಲ, ದಶಮಾಂಶ.

ಮೊದಲ ಹೇತು ತಂತಿಯ ದಪ್ಪ ಹೇಳುವ ಗೇಜಿನಲ್ಲೇ ಇದೆ. ಇಲ್ಲಿ ಅಂಕಿ ಹಿಗ್ಗಿದಷ್ಟೂ ತಂತಿ ಕುಗ್ಗುತ್ತದೆ. ಅಮೆರಿಕನ್ ಗೇಜಿನ 24ನೆಯ ತಂತಿ ಅರ್ಧ ಮಿಲಿಮೀಟರಿನಷ್ಟು ದಪ್ಪ. ಆರು ಮೆಟ್ಟಿಲೇರಿ 30ಕ್ಕೆ ಬಂದರೆ ಅದರರ್ಧ. ನಮ್ಮೂರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 28 ಎಂದರೆ ಬ್ರಿಟಿಷ್ ಗೇಜಿನ 0.376 ಮಿ.ಮೀ.; ಅಮೆರಿಕನ್ನರಿಗೆ ಅದೇ 28 ಎಂದರೆ 0.321. ಒಂದೇ ಸೂತ್ರಕ್ಕೆ ಎರಡು ಭಾಷ್ಯ ಹುಟ್ಟಿದ ಮೇಲೆ ಅದು ಶಾಸ್ತ್ರವಾಗದೆ ಇನ್ನೇನಾದೀತು? ಲೋಹದಲ್ಲೂ ಗೋತ್ರಭೇದವಿದೆ. ನಿಕ್ಕಲ್ ಮತ್ತು ಕ್ರೋಮಿಯಮ್ಮಿನ ನೈಕ್ರೋಮ್ ಆಲ್ಬರ್ಟ್ ಮಾರ್ಶ್ 1906ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಮ್ಮಿನ ಕಾಂಥಾಲ್ ಸ್ವೀಡನ್ನಿನದು. ಅದನ್ನು ರೂಪಿಸಿದ ಹಾನ್ಸ್ ಫಾನ್ ಕಾಂಟ್ಸೋ ಎಂಬವರ ಹೆಸರಿನ ತಲೆಗೆ ಹಾಲ್‌ಸ್ಟಾಹಮ್ಮಾರ್ ಎಂಬ ಊರಿನ ತಲೆ ಸೇರಿಸಿ ಅದಕ್ಕೆ ನಾಮಕರಣವಾಯಿತು. ಇಬ್ಬರಿಗೂ ಬೇಕಾಗಿದ್ದದ್ದು ಕಾದರೂ ಕರಗದ, ಬೇಗ ತುಕ್ಕು ಹಿಡಿಯದ ತಂತಿ. ಮಾವಿನಹಣ್ಣಿನ ವಾಸನೆ ಅವರ ಕನಸಿನಲ್ಲೂ ಬಂದಿರಲಾರದು.

ಈಗ ಉದಾಹರಣೆ. 24 ಗೇಜಿನ ಕಾಂಥಾಲನ್ನು 3 ಮಿ.ಮೀ. ಕಡ್ಡಿಯ ಮೇಲೆ ಆರು ಸುತ್ತು ಸುತ್ತಿದರೆ ಕಾಲುಗಳೂ ಸೇರಿ ಸುಮಾರು 0.52 ಓಮ್. 26 ಗೇಜಿನದನ್ನು ಅದೇ ಕಡ್ಡಿಯ ಮೇಲೆ ಎಂಟೆಂಟು ಸುತ್ತಿನ ಜೋಡಿ ಸುರುಳಿ ಮಾಡಿ ಸಮಾನಾಂತರವಾಗಿ ಕೂರಿಸಿದರೂ ಅದೇ 0.52. ತುಂಬಿದ 4.2 ವೋಲ್ಟ್ ಬ್ಯಾಟರಿ ಎರಡಕ್ಕೂ ಸುಮಾರು 34 ವ್ಯಾಟ್ ಸುರಿಯುತ್ತದೆ. ಎರಡು ದಾರಿ, ಒಂದೇ ದಶಮಾಂಶ. ಮೋಕ್ಷದ ವಿಷಯದಲ್ಲೂ ಆಚಾರ್ಯರು ಇಷ್ಟು ಒಮ್ಮತಕ್ಕೆ ಬಂದಿಲ್ಲ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ: ದಶಮಾಂಶ ಒಂದೇ ಆದರೂ ರುಚಿ ಬೇರೆ! ಒಪ್ಪಬೇಕಾದ ಮಾತು. ಜೋಡಿ ಸುರುಳಿಯ ಮೈ ಎರಡರಷ್ಟು ಅಗಲ, ಹಾಗಾಗಿ ಅದೇ ಶಾಖ ಅರ್ಧಕ್ಕರ್ಧ ತೆಳುವಾಗಿ ಹರಡುತ್ತದೆ. ಲೋಹ ಒಂದೂವರೆ ಪಟ್ಟಿಗೂ ಹೆಚ್ಚು, ಹಾಗಾಗಿ ಕಾಯಲು ಕ್ಷಣ ತಡ. ಆದರೆ ರುಚಿಯೊಂದೇ ಗುರಿಯಾಗಿದ್ದರೆ ಸಾಧಕ ಅಲ್ಲಿಗೆ ನಿಲ್ಲಬೇಕಿತ್ತು. ಅವನು ದಪ್ಪ ತಂತಿಗೆ ಕೂದಲೆಳೆಯಂಥ ತಂತಿಯನ್ನು ಗಿಟಾರಿನ ತಂತಿಯಂತೆ ಸುತ್ತಿ, ಅದಕ್ಕೆ ಗಿಟಾರ್ ವಾದಕ ಕ್ಲಾಪ್ಟನ್ನರ ಹೆಸರಿಟ್ಟು, ಬತ್ತಿ ತೂರಿಸುವ ಮೊದಲು ಫೋಟೋ ತೆಗೆಯುತ್ತಾನೆ. ನಾಲಿಗೆಗಾಗಿ ಮಾಡಿದ ಅಡುಗೆಯನ್ನು ಒಲೆ ಹಚ್ಚುವ ಮೊದಲೇ ಯಾರೂ ಚಿತ್ರಿಸಿಕೊಳ್ಳುವುದಿಲ್ಲ. ಎರಡನೆಯ ಆಕ್ಷೇಪ ಸುರಕ್ಷತೆಯದು, ಅದಕ್ಕೆ ಅಣಕು ಉತ್ತರವಿಲ್ಲ. 20 ಆಂಪಿಯರ್ ತಾಳುವ ಕೋಶಕ್ಕೆ 0.21 ಓಮಿಗಿಂತ ಕಡಿಮೆಯ ಸುರುಳಿ ಕಟ್ಟಿದರೆ, ತಡೆಯುವ ಸರ್ಕ್ಯೂಟಿಲ್ಲದ ಉಪಕರಣದಲ್ಲಿ ಕೋಶವೇ ಸಿಡಿಯಬಹುದು. ಇಡೀ ಶಾಸ್ತ್ರದಲ್ಲಿ ದಶಮಾಂಶಕ್ಕೆ ನಿಜವಾದ ಕೆಲಸವಿರುವುದು ಇಲ್ಲಿ. ದ್ರವದೊಳಗಿನ ನಿಕೋಟಿನ್ನಿನ ಚಟ ಬಿಡಿಸುವ ಗೇಜು ಮಾತ್ರ ಯಾವ ಕಾರ್ಖಾನೆಯಿಂದಲೂ ಬಂದಿಲ್ಲ.

ಮೂರನೆಯವರು ಕೇಳುತ್ತಾರೆ: 2019ರ ಕಾಯ್ದೆ ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿರುವಾಗ ಕನ್ನಡದಲ್ಲಿ ಈ ಮೀಮಾಂಸೆ ಯಾರಿಗೆ? ಅಶ್ವಮೇಧ ಕಲಿವರ್ಜ್ಯವಾದ ಮೇಲೂ ಕುದುರೆಯ ಲಕ್ಷಣದ ಚರ್ಚೆ ನಿಂತಿರಲಿಲ್ಲವೆಂಬುದೇ ಉತ್ತರ. (ಕಾಯ್ದೆ ಜಾಹೀರಾತನ್ನೂ ನಿಷೇಧಿಸಿದೆ, ಪ್ರಬಂಧ ಹೊಗಳಿಕೆಗೆ ಜಾರದಿರುವುದಕ್ಕೆ ಅದೂ ಒಂದು ಕಾರಣ.) ಮೇಲಾಗಿ ಪ್ರತಿಜ್ಞೆಗೆ ಬೇಕಾದ ವ್ಯತಿರೇಕ ದೃಷ್ಟಾಂತ ನಮ್ಮಲ್ಲೇ ಸಿಗುತ್ತದೆ. ಬಾಡಿಗೆ ಕೋಣೆಯ ಕರೆಂಟ್ ಒಲೆಯಲ್ಲಿ ಸುರುಳಿ ತುಂಡಾದಾಗ ಎರಡು ತುದಿಗಳನ್ನೆಳೆದು ಇಕ್ಕಳದಿಂದ ಹೊಸೆದು ಮತ್ತೆ ಮಣ್ಣಿನ ತಟ್ಟೆಯ ತೋಡಿಗೆ ಒತ್ತುತ್ತಾರೆ. ತಂತಿ ಗಿಡ್ಡವಾಗುತ್ತದೆ, ಓಮ್ ಇಳಿಯುತ್ತದೆ, ಒಲೆ ಮೊದಲಿಗಿಂತ ಕೆಂಪಗೆ ಉರಿಯುತ್ತದೆ. ಅದೂ ನೈಕ್ರೋಮೇ, ಅದೂ ಸುರುಳಿಯೇ. ಎಷ್ಟು ಓಮ್ ಉಳಿಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅನ್ನ ಬೆಂದಿತೇ ಎಂದು ಮುಚ್ಚಳ ತೆಗೆದು ನೋಡುತ್ತಾರೆ.