ಎಂಟು ಪರ್ಸೆಂಟ್ ಕಡಲು

ಮೇ ತಿಂಗಳ ಸಂಬಳದ ಚೀಟಿ ಬಂದ ದಿನ ಆಮ್‌ಸ್ಟಲ್‌ವೇನಿನ ಕನ್ನಡಿಗರ ಮುಖ ನೋಡಬೇಕು. ವರ್ಷದ ಸಂಬಳದ ಶೇಕಡಾ 8ರಷ್ಟು ದುಡ್ಡು ‘ವಕಾನ್ಸಿಗೆಲ್ಟ್’ ಎಂಬ ಹೆಸರಿನಲ್ಲಿ ಒಟ್ಟಿಗೇ ಬಂದು ಬಿದ್ದಿರುತ್ತದೆ. ರಜೆಯ ಖರ್ಚಿಗೆಂದು ನೆದರ್ಲೆಂಡ್ಸ್ ಸರ್ಕಾರ 1968ರಲ್ಲೇ ಕಾಯಿದೆ ಮಾಡಿ ಕೊಡಿಸುತ್ತಿರುವ ದುಡ್ಡು ಅದು. ಅದರಲ್ಲಿ ದೊಡ್ಡ ತುತ್ತನ್ನು ತೆರಿಗೆಯಾಗಿ ತಾನೇ ಬಾಯಿಗೆ ಹಾಕಿಕೊಂಡು, ಉಳಿದದ್ದರಲ್ಲಿ ಸುಖವಾಗಿರಿ ಅನ್ನುತ್ತದೆ. ಪಕ್ಕದ ಮನೆಯ ಡಚ್ಚರು ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸಿ, ಡಿಕ್ಕಿಯಲ್ಲಿ ಇಲ್ಲಿಯದೇ ಆಲೂಗಡ್ಡೆ ತುಂಬಿಕೊಂಡು ಫ್ರಾನ್ಸಿಗೆ ಹೊರಟುಬಿಡುತ್ತಾರೆ. ನಮಗೆ ಹಾಗೆಲ್ಲ ಮಾಡಲಾದೀತೇ? ನಮ್ಮ ಫೋಟೊ ನೋಡಿ ಹೊಟ್ಟೆ ಉರಿದುಕೊಳ್ಳಲು ಬೆಂಗಳೂರಿನಲ್ಲಿ ಷಡ್ಡಕರು ಕಾದು ಕುಳಿತಿರುತ್ತಾರೆ. ಆಲೂಗಡ್ಡೆಗೆ ಯಾರ ಹೊಟ್ಟೆಯೂ ಉರಿಯುವುದಿಲ್ಲ.

ಹಾಗಾಗಿ ಈ ಸಲ ದ್ವೀಪ ಎಂದು ತೀರ್ಮಾನವಾಯಿತು. ಸಂಸಾರ ಮೂರು: ಆಮ್‌ಸ್ಟಲ್‌ವೇನಿನಿಂದ ನಾವು, ಐಂಡ್‌ಹೋವನ್‌ನಿಂದ ಒಬ್ಬರು, ಹೇಗ್‌ನಿಂದ ಒಬ್ಬರು. ಮೂರೂ ಮನೆಯ ಯಜಮಾನರು ಸಾಫ್ಟ್‌ವೇರಿನವರಾದ್ದರಿಂದ ಮೊದಲು ಹುಟ್ಟಿದ್ದು ಎಕ್ಸೆಲ್ ಶೀಟು. ಅದರಲ್ಲಿ ಹದಿನಾಲ್ಕು ಕಾಲಂ. ಹದಿಮೂರನೆಯದು ‘ಮೊಸರು ಸಿಗುತ್ತದೆಯೇ?’ ಹದಿನಾಲ್ಕನೆಯದು ‘ಷಡ್ಡಕ ಹೋಗಿದ್ದಾನೆಯೇ?’

ಮಾಲ್ಡೀವ್ಸ್ ಮೊದಲ ಸುತ್ತಿನಲ್ಲೇ ಬಿತ್ತು. 2024ರ ಜನವರಿಯಲ್ಲಿ ಪ್ರಧಾನಿಗಳು ಲಕ್ಷದ್ವೀಪದ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಕೂತ ಫೋಟೊ ಬಂದಾಗ, ಮಾಲ್ಡೀವ್ಸಿಗೆ ಬಹಿಷ್ಕಾರ, ಲಕ್ಷದ್ವೀಪಕ್ಕೆ ಜೈ ಎಂದು ನಮ್ಮ ಗುಂಪಿನಲ್ಲಿ ಒಂದೇ ರಾತ್ರಿ ನೂರೆಂಟು ಫಾರ್ವರ್ಡ್ ಹರಿದಿದ್ದವು. ಈಗ ಮಾಲ್ಡೀವ್ಸ್ ಅಂದರೆ ಮರ್ಯಾದೆ ಹೋಗುತ್ತದೆ. ಲಕ್ಷದ್ವೀಪಕ್ಕೇ ಹೋಗೋಣ ಅಂದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಲ್ಲ 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅವುಗಳ ಕಡತ ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲಿರುತ್ತಿತ್ತು ಎಂದು ಇತಿಹಾಸವನ್ನೂ ಬಿಚ್ಚಿದೆ. ಗುಂಪು ಗಂಭೀರವಾಗಿ ಕೇಳಿಸಿಕೊಂಡಿತು. ಆಮೇಲೆ ಹೇಗ್‌ನವರು, ಅಲ್ಲಿಗೆ ಪರ್ಮಿಟ್ ಬೇಕಲ್ಲ, ನಮ್ಮದೀಗ ಡಚ್ ಪಾಸ್‌ಪೋರ್ಟು, ವಿದೇಶಿಯರಿಗೆ ಬೇರೆಯೇ ನಿಯಮ ಎಂದರು. ಜೈ ಎಂದವರೂ ಅವರೇ.

ಆಗ ಯಾರಿಗೋ ಹೊಳೆಯಿತು: ನೆದರ್ಲೆಂಡ್ಸಿಗೇ ದ್ವೀಪಗಳಿವೆಯಲ್ಲ! ಟೆಕ್ಸೆಲ್ ಇದೆ, ಡೆನ್ ಹೆಲ್ಡರಿನಿಂದ ಫೆರಿಯಲ್ಲಿ ಇಪ್ಪತ್ತು ನಿಮಿಷ. ಅಲ್ಲಿ ಗಾಳಿ, ಕುರಿ, ಮತ್ತೆ ಗಾಳಿ. ಅದು ಬೇಡ. ಹತ್ತು ಗಂಟೆ ವಿಮಾನದಲ್ಲಿ ಕೂತು ಅಟ್ಲಾಂಟಿಕ್ ದಾಟಿದರೆ ಅರೂಬಾ, ಬೊನೇರ್, ಕುರಸಾವ್. ವೆನೆಜುವೆಲಾದ ತೀರದಾಚೆ ಒಂದರ ಪಕ್ಕ ಒಂದು, ಡಚ್ ರಾಜನ ಕಿರೀಟದಿಂದ ಉದುರಿದ ಹರಳುಗಳಂತೆ. ಮೂರಕ್ಕೂ ರಾಜ ಒಬ್ಬನೇ, ದುಡ್ಡು ಮಾತ್ರ ಮೂರು ಥರ. ಅರೂಬಾದಲ್ಲಿ ಫ್ಲೋರಿನ್. ಕುರಸಾವಿನಲ್ಲಿ ಗಿಲ್ಡರ್; ಇಲ್ಲಿ ಯೂರೊ ಬಂದು 2002ರಲ್ಲಿ ತಿಥಿಯಾದ ಅದೇ ಗಿಲ್ಡರ್, ಅಲ್ಲಿ 2025ರ ಮಾರ್ಚ್ 31ರಂದು ‘ಕೆರಿಬಿಯನ್ ಗಿಲ್ಡರ್’ ಎಂದು ಹೊಸ ನೋಟಿನಲ್ಲಿ ಅವತಾರ ಎತ್ತಿದೆ. 2010ರ ಅಕ್ಟೋಬರ್ 10ರಿಂದ ಬೊನೇರ್ ನೇರವಾಗಿ ನೆದರ್ಲೆಂಡ್ಸಿನದೇ ಒಂದು ವಿಶೇಷ ಪುರಸಭೆ. ಆ ಪುರಸಭೆಯಲ್ಲಿ ಓಡುವುದು ಅಮೆರಿಕದ ಡಾಲರ್. ಎಕ್ಸೆಲ್ ಶೀಟಿಗೆ ಇನ್ನೂ ಮೂರು ಕಾಲಂ ಬಂದವು.

ಮಗ ಶಾಲೆಯಿಂದ ಇನ್ನೊಂದು ಸುದ್ದಿ ತಂದ. ಈ ದೇಶದ ಅತಿ ಎತ್ತರದ ಜಾಗ ಲಿಂಬರ್ಗಿನ ವಾಲ್ಸರ್‌ಬರ್ಗ್ ಅಲ್ಲವಂತೆ, ಅದು 322 ಮೀಟರಿನ ದಿಬ್ಬ. ನಿಜವಾದದ್ದು ಸಾಬಾ ದ್ವೀಪದ ಮೌಂಟ್ ಸೀನರಿ, 887 ಮೀಟರ್. ಸಮುದ್ರಕ್ಕಿಂತ ಕೆಳಗೆ ಕೂತ ದೇಶ ತನ್ನ ಬೆಟ್ಟವನ್ನು ಸಮುದ್ರದಾಚೆ ಇಟ್ಟುಕೊಂಡಿದೆ. 1343 ಮೀಟರಿನ ಕೊಡಚಾದ್ರಿಯನ್ನು ಚಪ್ಪಲಿಯಲ್ಲೇ ಹತ್ತಿದವ ನಾನು, ಸುಮ್ಮನೆ ಕೇಳಿಸಿಕೊಂಡೆ.

ಕೊನೆಗೆ ಜಾಗ ಕುರಸಾವ್ ಎಂದಾಯಿತು, ತಾರೀಕು ಸಿಗಲಿಲ್ಲ. ಈ ದೇಶ ಶಾಲಾ ರಜೆಯನ್ನು ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಪಾಲು ಮಾಡಿದೆ, ಎಲ್ಲರೂ ಒಂದೇ ದಿನ ರಸ್ತೆಗಿಳಿಯದಿರಲಿ ಎಂದು. ನಾವು ಉತ್ತರ, ಹೇಗ್ ಮಧ್ಯ, ಐಂಡ್‌ಹೋವನ್ ದಕ್ಷಿಣ. ಕರ್ನಾಟಕದ ಏಕೀಕರಣವೇ ಇದಕ್ಕಿಂತ ಸುಲಭವಿತ್ತು. ನಾಲ್ಕು ದಿನ ಮಗುವಿಗೆ ಜ್ವರ ಅಂದರಾಯಿತು ಎಂದು ಐಂಡ್‌ಹೋವನ್‌ನವರು ಊರಿನ ಉಪಾಯ ಹೇಳಿದರು. ಇಲ್ಲಿ ಹಾಜರಾತಿ ನೋಡುವ ಅಧಿಕಾರಿಯೇ ಬೇರೆ ಇದ್ದಾರೆ. ರಜೆಯ ಮುನ್ನಾದಿನಗಳಲ್ಲಿ ಸ್ಕಿಪೊಲ್ ವಿಮಾನ ನಿಲ್ದಾಣಕ್ಕೇ ಬಂದು, ಜ್ವರ ಬಂದ ಮಗು ಈಜುಗನ್ನಡಕ ಹಾಕಿಕೊಂಡು ಎಲ್ಲಿಗೆ ಹೊರಟಿದೆ ಎಂದು ಕೇಳುವವರು. ಎಲ್ಲರಿಗೂ ಒಂದೇ ಸಲ ಬರುವ ಕ್ರಿಸ್‌ಮಸ್ ರಜೆಯಲ್ಲೇ ಹೋಗುವುದೆಂದಾಯಿತು. ಟಿಕೆಟ್ ದರ ನೋಡಿದ ಮೇಲೆ ಎಂಟು ಪರ್ಸೆಂಟಿನ ಜೊತೆಗೆ ಉಳಿದ ತೊಂಬತ್ತೆರಡರಿಂದಲೂ ಸಾಲ ತೆಗೆಯಬೇಕಾಯಿತು.

ಹೆಂಡತಿ ಕುರಸಾವಿನ ಕಡಲತೀರಗಳ ಪಟ್ಟಿ ಮಾಡಿದಳು. ಎಲ್ಲಕ್ಕಿಂತ ಮೇಲೆ ಕೆನೆಪಾ, ನೀಲಿಯೆಂದರೆ ಹಾಗಿರಬೇಕು ಅನ್ನುವ ನೀಲಿ. ಆ ತೀರದ ಮೇಲಿನ ತೋಟದಲ್ಲೇ 1795ರ ಆಗಸ್ಟ್ 17ರಂದು ಟುಲಾ ಎಂಬ ಗುಲಾಮ, ಇನ್ನು ದುಡಿಯುವುದಿಲ್ಲ ಎಂದು ಜನರನ್ನು ಕಟ್ಟಿಕೊಂಡು ಎದ್ದು ನಿಂತದ್ದು. ಅಕ್ಟೋಬರಿನಲ್ಲಿ ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಡಚ್ ಸರ್ಕಾರ ಅವನ ಹೆಸರಿನ ಮೇಲಿನ ಕಳಂಕ ತೊಳೆದದ್ದು 2023ರಲ್ಲಿ. ಇದನ್ನು ಗುಂಪಿನಲ್ಲಿ ಹಾಕಿದೆ. ಎರಡು ಕೈಮುಗಿದ ಚಿತ್ರ ಬಂದವು. ಅದರ ಬೆನ್ನಿಗೇ ಪ್ರಶ್ನೆ: ಅಲ್ಲಿ ಒರಗು ಕುರ್ಚಿ ಫ್ರೀಯಾ?

ಟಿಕೆಟ್ ಆದ ರಾತ್ರಿ ಕುಂದಾಪುರಕ್ಕೆ ಫೋನ್ ಮಾಡಿ ಅಮ್ಮನಿಗೆ ವರ್ಣಿಸಿದೆ. ಬಿಸಿಲು, ಬಿಳಿ ಮರಳು, ತೆಂಗಿನ ಮರ, ಆಗಷ್ಟೇ ಹಿಡಿದ ಮೀನು. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೋಡಿಯ ಕಡಲ ಸದ್ದು ಮಾತ್ರ ಸಣ್ಣಗೆ ಕೇಳುತ್ತಿತ್ತು.

“ಅಲ್ಲ ಮಗಾ, ಇದೆಲ್ಲ ಇಪ್ಪು ಊರು ಬೇಡ ಅಂದೇ ಅಲ್ದಾ ನೀ ಹಾಲೆಂಡಿಗೆ ಹೋದ್ದು?”

ಸ್ಪೀಕರಿನಲ್ಲಿ ಹಾಕಿದ್ದೆ. ಹೆಂಡತಿ ಎಕ್ಸೆಲ್ ಶೀಟಿನಿಂದ ತಲೆ ಎತ್ತಲಿಲ್ಲ.